ಮೂರನೇ ಸಲಕ್ಕೆ ದಡ ಮುಟ್ಟಿದ ಹಾಡು

ಹೋದ ಸಂಚಿಕೆಯಲ್ಲಿ ಓದುಗರೊಬ್ಬರು, ಹಳೆಯ ಇಂಗ್ಲಿಷ್ ಹಾಡುಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು ಅಂತ ಕೇಳಿದ್ದರು. ನಾರ್ವೆ ದೇಶದ ಆ-ಹಾ ತಂಡದ 'ಟೇಕ್ ಆನ್ ಮಿ' ಅಂತ ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೈಸೂರು, ಮಂಡ್ಯ, ಮದ್ದೂರು, ಪಾಂಡವಪುರ, ಎಲ್ಲ ಕಡೆಯಿಂದ ಬಂದಿವೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಆ ಹಾಡಿಗೇ.

ಪ್ರಶ್ನೆ: ಅಕ್ಕಾ, ಹಾಡು ಹುಡುಕಿ ಕೇಳಿದೆ. ಶುರುವಿನ ಕೀಬೋರ್ಡ್ ಬಿಟ್ ಬಂದ ತಕ್ಷಣ, ಅಯ್ಯೋ ಇದನ್ನ ಎಷ್ಟೋ ರೀಲ್ಸ್‌ನಲ್ಲಿ ಕೇಳಿದ್ದೀನಲ್ಲ ಅನ್ನಿಸಿತು. ಇವರೆಲ್ಲ ಯಾರು? ನಾರ್ವೆಯವರು ಇಂಗ್ಲಿಷ್‌ನಲ್ಲಿ ಯಾಕೆ ಹಾಡಿದರು?
(ಪದವಿ ವಿದ್ಯಾರ್ಥಿ, ಮಂಡ್ಯ)

ಉತ್ತರ: ಮೂರೇ ಜನ. ಹಾಡಿದವರು ಮಾರ್ಟನ್ ಹಾರ್ಕೆಟ್, ಕೀಬೋರ್ಡ್ ಮಾಗ್ನೆ ಫುರುಹೋಲ್ಮೆನ್, ಗಿಟಾರ್ ಪೋಲ್ ವಾಕ್ಟಾರ್. 1982ರಲ್ಲಿ ಓಸ್ಲೋದಲ್ಲಿ ತಂಡ ಕಟ್ಟಿದರು. ಇಂಗ್ಲಿಷ್ ಯಾಕೆ ಅಂದರೆ, ಆಗ ಇಡೀ ನಾರ್ವೆಯ ಜನಸಂಖ್ಯೆ 40 ಲಕ್ಷದ ಆಸುಪಾಸು. 2011ರ ಜನಗಣತಿ ಲೆಕ್ಕ ಹಿಡಿದರೆ ನಮ್ಮ ಮೈಸೂರು ಜಿಲ್ಲೆ 30 ಲಕ್ಷ, ನಿಮ್ಮ ಮಂಡ್ಯ 18 ಲಕ್ಷ, ಎರಡು ಜಿಲ್ಲೆ ಸೇರಿದರೆ ಅವರ ದೇಶಕ್ಕಿಂತ ಜಾಸ್ತಿ! ಅಷ್ಟು ಚಿಕ್ಕ ಜಾಗದಲ್ಲಿ ಬರೀ ಹಾಡಿನಿಂದ ಹೊಟ್ಟೆ ಹೊರೆಯುವುದು ಕಷ್ಟ. ಮೂವರಿಗೂ ಲಂಡನ್‌ನಲ್ಲಿ ಗೆಲ್ಲಬೇಕು ಅನ್ನೋ ಹಟ ಇತ್ತು. 1983ರ ಜನವರಿಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೊರಟರು.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಸೇರಿ ಸ್ವಂತ ಕನ್ನಡ ಹಾಡು ಮಾಡಿ ಯೂಟ್ಯೂಬ್‌ಗೆ ಹಾಕಿದೆವು. ಆರು ತಿಂಗಳಾದರೂ 300 ವ್ಯೂಸ್ ದಾಟಿಲ್ಲ. ಇಬ್ಬರು ಹೊಸ ಹಾಡು ಮಾಡೋಣ ಅಂತಾರೆ, ಇನ್ನಿಬ್ಬರು ಇದನ್ನೇ ಮತ್ತೆ ರೆಕಾರ್ಡ್ ಮಾಡೋಣ ಅಂತಾರೆ. ದಿನಾ ಜಗಳ. ನೀವೇ ಹೇಳಿ ಮೇಡಂ.
(ಮಂಡ್ಯ)

ಉತ್ತರ: ನಿಮ್ಮ ಪತ್ರ ಎರಡು ದಿನ ತಲೆಯಲ್ಲೇ ಕೂತಿತ್ತು. ನೇರವಾಗಿ ಹೇಳುತ್ತೇನೆ. ರಾಗ ಚೆನ್ನಾಗಿದೆ ಅಂತ ನಿಮ್ಮ ಕಿವಿ ಹೇಳುತ್ತಿದ್ದರೆ ಅದನ್ನು ಬಿಡಬೇಡಿ. ಅದಕ್ಕೆ ಹಾಕಿದ ಬಟ್ಟೆ ಬದಲಿಸಿ.

'ಟೇಕ್ ಆನ್ ಮಿ' ಪಟ್ಟ ಪಾಡು ಕೇಳಿ. ಆ ಕೀಬೋರ್ಡ್ ಬಿಟ್ ಮಾಗ್ನೆಗೆ ಹೊಳೆದದ್ದು ಹದಿಹರೆಯದಲ್ಲೇ. ಆಗ ಅವರೂ ಪೋಲ್ ಅವರೂ ಬ್ರಿಡ್ಜಸ್ ಅನ್ನೋ ಬೇರೆ ತಂಡದಲ್ಲಿದ್ದರು, 1980ರಲ್ಲಿ ಒಂದು ಆಲ್ಬಂ ಕೂಡ ತಾವೇ ಹೊರತಂದಿದ್ದರು. ಬಿಟ್ ಇಟ್ಟುಕೊಂಡು 'ಮಿಸ್ ಈರೀ' ಅಂತ ಒಂದು ಹಾಡು ಮಾಡಿದರು. ಆದರೆ ಅದು ಚೂಯಿಂಗ್ ಗಮ್ ಜಾಹೀರಾತಿನ ಟ್ಯೂನ್ ಥರ ಇದೆ, ನಮ್ಮ ತಂಡಕ್ಕೆ ಒಗ್ಗಲ್ಲ ಅನ್ನಿಸಿ ಬದಿಗಿಟ್ಟರು. ಮಾರ್ಟನ್ ಬಂದು ಕೇಳಿದಾಗ, ಇದು ಬಿಡುವಂಥದ್ದಲ್ಲ ಅಂದರು. ಆಮೇಲೆ ಅದೇ 'ಲೆಸನ್ ಒನ್' ಆಯ್ತು. ಸಾಹಿತ್ಯ ಬದಲಾಯ್ತು, ಚರಣ ಬದಲಾಯ್ತು, ಹೆಸರು ಮತ್ತೆ ಬದಲಾಯ್ತು. ಬಿಟ್ ಮಾತ್ರ ಉಳಿಯಿತು.

ಲಂಡನ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಅಲೆಯುವಾಗ ಜಾನ್ ರಾಟ್‌ಕ್ಲಿಫ್ ಅನ್ನುವವರ ಸ್ಟುಡಿಯೋ ಸಿಕ್ಕಿತು. ಅಲ್ಲಿ ಸ್ಪೇಸ್ ಇನ್‌ವೇಡರ್ಸ್ ಆಟದ ಯಂತ್ರ ಇತ್ತು, ಅದಕ್ಕೇ ಆ ಸ್ಟುಡಿಯೋ ಆರಿಸಿಕೊಂಡರಂತೆ (ಇಪ್ಪತ್ತು ದಾಟಿದ ಹುಡುಗರು, ಇನ್ನೇನು ಮಾಡುತ್ತಾರೆ!). ಆ ಆಯ್ಕೆಯೇ ಅವರ ಅದೃಷ್ಟ. ರಾಟ್‌ಕ್ಲಿಫ್ ಅವರಿಗೆ ಹುಡುಗರು ಹಿಡಿಸಿದರು, ಅವರ ಮೂಲಕ ಮ್ಯಾನೇಜರ್ ಟೆರಿ ಸ್ಲೇಟರ್ ಸಿಕ್ಕರು, ಕೊನೆಗೆ ವಾರ್ನರ್ ಕಂಪನಿಯ ಒಪ್ಪಂದವೂ ಆಯ್ತು.

ಇಲ್ಲಿಗೆ ಕಷ್ಟ ಮುಗಿಯಿತು ಅಂದುಕೊಳ್ಳಬೇಡಿ. 1984ರಲ್ಲಿ ಟೋನಿ ಮ್ಯಾನ್ಸ್‌ಫೀಲ್ಡ್ ನಿರ್ಮಾಣದಲ್ಲಿ ಹಾಡು ಹೊರಬಂತು. ತವರಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನ, ಬ್ರಿಟನ್‌ನಲ್ಲಿ ಕೇಳುವವರೇ ಇಲ್ಲ. ಕಂಪನಿಯ ಅಮೆರಿಕದ ಕಚೇರಿಯವರು ಮಾತ್ರ ಕೈಬಿಡಲಿಲ್ಲ. ಅಲನ್ ಟಾರ್ನಿ ಅನ್ನೋ ಇನ್ನೊಬ್ಬ ನಿರ್ಮಾಪಕರಿಂದ ಅದೇ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿಸಿದರು. 1985ರಲ್ಲಿ ಬಿಟ್ಟರು. ಮತ್ತೆ ಮಲಗಿತು. ನಾವಿವತ್ತು ಕೇಳುವುದು ಈ ಎರಡನೇ ಸಲದ ರೆಕಾರ್ಡಿಂಗನ್ನೇ, ಒಂದು ಸ್ವರ ಆಚೀಚೆ ಇಲ್ಲ! ಆಮೇಲೆ ಪೆನ್ಸಿಲ್ ಚಿತ್ರದ ವಿಡಿಯೋ ಮಾಡಿಸಿ ಮೂರನೇ ಸಲ ಬಿಟ್ಟಾಗ 1985ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1ನೇ ಸ್ಥಾನ, ಬ್ರಿಟನ್‌ನಲ್ಲಿ 2ನೇ ಸ್ಥಾನ.

ವಿಡಿಯೋದಿಂದಲೇ ಗೆದ್ದಿತು ಅಂತ ಎಲ್ಲರೂ ಹೇಳುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ವಿಡಿಯೋ ಜನರನ್ನು ಬಾಗಿಲವರೆಗೆ ಕರೆತಂದಿತು, ಒಳಗೆ ಕೂರಿಸಿದ್ದು ಹಾಡು. 1984ರ ರೆಕಾರ್ಡಿಂಗೂ ಯೂಟ್ಯೂಬ್‌ನಲ್ಲಿದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ರಾಗ ಅದೇ, ದನಿ ಅದೇ. ಮೊದಲನೆಯದರಲ್ಲಿ ತಾಳ ತೆಳು, ಕೀಬೋರ್ಡ್ ಬೇರೆಲ್ಲೋ ನುಡಿದ ಹಾಗೆ ದೂರ ನಿಲ್ಲುತ್ತದೆ. ಎರಡನೆಯದರಲ್ಲಿ ಅದೇ ಬಿಟ್ ಎದೆಗೆ ಬಂದು ತಾಗುತ್ತದೆ.

ನಿಮಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಹಾಡಿನ ಮ್ಯೂಸಿಕ್ ಟ್ರ್ಯಾಕ್ ಪೂರ್ತಿ ತೆಗೆದುಬಿಡಿ. ಹಾಡುವವರು ಬರೀ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ನಿಮ್ಮ ಮೂವರ ಮುಂದೆ ಹಾಡಲಿ. ಮಾರನೇ ದಿನ ಗಾಡಿ ಓಡಿಸುವಾಗಲೋ ಸ್ನಾನ ಮಾಡುವಾಗಲೋ ಅದು ತಾನಾಗಿ ಬಾಯಿಗೆ ಬಂದರೆ ರಾಗದಲ್ಲಿ ಜೀವ ಇದೆ ಅಂತಲೇ. ಆಗ ಮತ್ತೆ ರೆಕಾರ್ಡ್ ಮಾಡಿ, ಈ ಸಲ ಬೇರೆಯವರ ಕೈಯಲ್ಲಿ ಮಾಡಿಸಿ. ಬಾಯಿಗೆ ಬರದಿದ್ದರೆ ಹೊಸ ಹಾಡು ಅನ್ನುವ ಇಬ್ಬರ ಮಾತು ಕೇಳಿ. ಲಿಂಕ್ ನನಗೂ ಕಳಿಸಿ, ಖಂಡಿತ ಕೇಳುತ್ತೇನೆ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ನನ್ನ ಶಿಷ್ಯ, 17 ವರ್ಷದ ಹುಡುಗ, ಈ ಹಾಡಿನ ಮೇಲಿನ ಸ್ವರ ಹಿಡಿಯಲು ಹೋಗಿ ಗಂಟಲು ಕಟ್ಟಿಸಿಕೊಂಡಿದ್ದಾನೆ. ಅದರಲ್ಲಿ ಅಂಥದ್ದೇನಿದೆ?
(ಕುವೆಂಪುನಗರ, ಮೈಸೂರು)

ಉತ್ತರ: ಅಮ್ಮಾ, ನಿಮ್ಮ ಭಾಷೆಯಲ್ಲೇ ಹೇಳಿದರೆ ಬೇಗ ಅರ್ಥವಾಗುತ್ತದೆ. ಹಾಡು ಇರುವುದು ಎ ಮೇಜರ್‌ನಲ್ಲಿ, ಅಂದರೆ ನಮ್ಮ ಶಂಕರಾಭರಣದ ಸ್ವರಗಳು. ಪಲ್ಲವಿ ಶುರುವಾಗುವುದು ಮಂದ್ರದ 'ಸ'ದಲ್ಲಿ, ಗಂಡು ದನಿಯ ತಳದಲ್ಲಿ. ಅಲ್ಲಿಂದ ಮೆಟ್ಟಿಲು ಹತ್ತುವುದೇ ಇಲ್ಲ, ಒಂದೇ ನೆಗೆತಕ್ಕೆ ಕಾಕಲಿ ನಿಷಾದ, ಆಮೇಲೆ ಅದರ ಮೇಲಿನ 'ಸ'. ಸ, ನಿ, ಸ. ಮೂರು ಪದಕ್ಕೆ ಮೂರು ಸ್ವರ. ನಿಮ್ಮ ಮಕ್ಕಳಿಗೆ ಸರಳೆ ವರಸೆಯಲ್ಲಿ ಸ ರಿ ಗ ಮ ಅಂತ ಒಂದೊಂದೇ ಮೆಟ್ಟಿಲು ಹತ್ತಿಸುತ್ತೀರಲ್ಲ, ಇಲ್ಲಿ ಆರು ಮೆಟ್ಟಿಲು ಒಟ್ಟಿಗೆ ಹಾರಬೇಕು. ಅದೂ ಶ್ರುತಿ ತಪ್ಪದೆ.

ಆಮೇಲೆ ಸಾಲಿನಿಂದ ಸಾಲಿಗೆ ದನಿ ಏರುತ್ತಲೇ ಹೋಗುತ್ತದೆ. ಕೊನೆಯ ಪದ ನಿಲ್ಲುವುದು ತಾರ ಪಂಚಮದಲ್ಲಿ. ಅಲ್ಲಿಗೆ ಎರಡೂವರೆ ಸ್ಥಾಯಿ ಆಯ್ತು (ಒಂದು 'ಸ'ದಿಂದ ಮುಂದಿನ 'ಸ'ದವರೆಗೆ ಒಂದು ಸ್ಥಾಯಿ)! ನಮ್ಮ ಕಛೇರಿಯಲ್ಲಿ ಹೆಚ್ಚುಕಡಿಮೆ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ, ಎರಡು ಸ್ಥಾಯಿ ಓಡಾಡುತ್ತೇವೆ, ಅದಕ್ಕೂ ಎರಡು ಮೂರು ಗಂಟೆ ಸಮಯ ಇರುತ್ತದೆ. ಇಲ್ಲಿ ಒಂದೇ ಪಲ್ಲವಿಯಲ್ಲಿ, ಕೆಲವೇ ಸೆಕೆಂಡಿನಲ್ಲಿ ಅಷ್ಟೂ ಆಗಬೇಕು.

ಸ್ಕೇಲ್ ಇಳಿಸಿ ಹಾಡಲಿ ಅಂತ ನೀವು ಹೇಳಬಹುದು. ಇಳಿಸಿದರೆ ಕೆಳಗಿನ 'ಸ' ಸಿಗುವುದಿಲ್ಲ, ಏರಿಸಿದರೆ ಮೇಲಿನ 'ಪ' ಸಿಗುವುದಿಲ್ಲ. ಎರಡೂ ಕಡೆ ಗೋಡೆ ಇರುವ ಹಾಡು ಇದು.

ಹುಡುಗನ ತಪ್ಪು ಎಲ್ಲಿರಬಹುದು ಅಂದರೆ, ಮೇಲಿನ ಪಂಚಮವನ್ನು ಅವನು ಎದೆಯಿಂದ ತಳ್ಳುತ್ತಿದ್ದಾನೆ. ಮಾರ್ಟನ್ ಹಾಗೆ ಹಾಡಿಲ್ಲ. ಮೇಲೆ ಹೋಗುತ್ತಿದ್ದಂತೆ ದನಿಯನ್ನು ಹಗುರ ಮಾಡಿ ಫಾಲ್ಸೆಟ್ಟೊಗೆ ಜಾರಿಸುತ್ತಾರೆ, ನಮ್ಮಲ್ಲಿ ಕಳ್ಳದನಿ ಅಂತ ಬೈಯುತ್ತಾರಲ್ಲ, ಅದೇ. ನಮ್ಮ ಪದ್ಧತಿಯಲ್ಲಿ ಅದನ್ನು ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ. ಆದರೆ ಈ ಹಾಡಿಗೆ ಅದೇ ಬೇಕು. ತುಂಬಿದ ದನಿಯಿಂದ ತೆಳುದನಿಗೆ ಹೋಗುವ ಜಾಗದಲ್ಲಿ ಬಿರುಕು ಕಾಣದ ಹಾಗೆ ದಾಟುತ್ತಾರೆ, ಸೊಗಸು ಇರುವುದು ಅಲ್ಲಿ. ಸದ್ಯ ಹುಡುಗನಿಗೆ ವಾರ ಹತ್ತು ದಿನ ಮೇಲಿನ ಸ್ವರ ಮುಟ್ಟಲು ಬಿಡಬೇಡಿ. ದನಿ ಒಡೆದು ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸು ಅದು. ಕೆಮ್ಮೋ ನೋವೋ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಸರಿಹೋದ ಮೇಲೆ ಆ ಪಂಚಮವನ್ನು ಮಗುವಿಗೆ ಜೋಗುಳ ಹಾಡುವಷ್ಟು ಮೆಲ್ಲಗೆ ಹಿಡಿಯಲಿ, ಗಟ್ಟಿ ಮಾಡುವುದು ಆಮೇಲೆ ನೋಡೋಣ.

ಪ್ರಶ್ನೆ: ವಿಡಿಯೋದಲ್ಲಿ ಮನುಷ್ಯರು ಪೆನ್ಸಿಲ್ ಚಿತ್ರ ಆಗುತ್ತಾರಲ್ಲ, 1985ರಲ್ಲಿ ಕಂಪ್ಯೂಟರ್ ಇಲ್ಲದೆ ಹೇಗೆ ಮಾಡಿದರು?
(ಕಾವಾ ಚಿತ್ರಕಲಾ ಕಾಲೇಜಿನ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಕೈಯಲ್ಲೇ! ಒಂದೊಂದೇ ಹಾಳೆ.

ಇದಕ್ಕೆ ರೋಟೋಸ್ಕೋಪ್ ಅಂತ ಹೆಸರು. ಮ್ಯಾಕ್ಸ್ ಫ್ಲೈಷರ್ ಅನ್ನೋ ಅಮೆರಿಕದ ಕಾರ್ಟೂನ್ ಕಲಾವಿದ 1915ರ ಸುಮಾರಿಗೆ ಕಂಡುಹಿಡಿದ ವಿಧಾನ. ಮೊದಲು ನಿಜವಾದ ನಟರನ್ನು ಫಿಲ್ಮ್‌ನಲ್ಲಿ ಶೂಟ್ ಮಾಡುತ್ತಾರೆ. ಆಮೇಲೆ ಆ ಫಿಲ್ಮನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ, ಹಾಳೆಯ ಮೇಲೆ ಬೀಳಿಸಿ, ಅದರ ಮೇಲೆ ಗೆರೆ ಎಳೆಯುತ್ತಾರೆ. ಒಂದು ಸೆಕೆಂಡಿನ ಫಿಲ್ಮ್‌ಗೆ 24 ಫ್ರೇಮ್. ಈ ವಿಡಿಯೋಗೆ ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಗರ್ ಸೇರಿ ಸುಮಾರು 3,000 ಫ್ರೇಮ್ ಬಿಡಿಸಿದರು, 16 ವಾರ ಹಿಡಿಯಿತು. ನಿರ್ದೇಶಕ ಸ್ಟೀವ್ ಬ್ಯಾರನ್. ಮೈಕಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್' ವಿಡಿಯೋ ಮಾಡಿದವರು ಇವರೇ.

ಗಮನಿಸಿ ನೋಡಿ, ಚಿತ್ರದ ಗೆರೆಗಳು ಸುಮ್ನೆ ನಿಲ್ಲುವುದಿಲ್ಲ, ಸದಾ ನಡುಗುತ್ತಿರುತ್ತವೆ. ಒಂದೇ ಮುಖವನ್ನು ಸಾವಿರ ಸಲ ಬರೆದರೂ ಎರಡು ಗೆರೆ ಒಂದೇ ಥರ ಬರುವುದಿಲ್ಲ ಅಲ್ವಾ, ಆ ವ್ಯತ್ಯಾಸವೇ ನಡುಕವಾಗಿ ಕಾಣುತ್ತದೆ. ಕೂದಲು, ಕೆನ್ನೆಯ ನೆರಳು ಎಲ್ಲ ಉಸಿರಾಡಿದ ಹಾಗೆ ಕಾಣುವುದು ಅದರಿಂದಲೇ. ಇವತ್ತು ಮೊಬೈಲ್ ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದರೆ ನಿಮ್ಮ ವಿಡಿಯೋ ಪೆನ್ಸಿಲ್ ಚಿತ್ರ ಆಗುತ್ತದೆ, ಆದರೆ ಎಲ್ಲಿ ಕಪ್ಪು ಜಾಸ್ತಿ ಮಾಡಬೇಕು, ಎಲ್ಲಿ ಬಿಳಿ ಹಾಗೇ ಬಿಡಬೇಕು ಅಂತ ಒಬ್ಬ ಮನುಷ್ಯ ಕೂತು ಯೋಚಿಸಿದ್ದು ಅದರಲ್ಲಿ ಕಾಣುವುದಿಲ್ಲ.

ಕಥೆಯೂ ಚಿಕ್ಕದು, ಚೊಕ್ಕದು. ಕೆಫೆಯಲ್ಲಿ ಹುಡುಗಿ ಒಂದು ಕಾಮಿಕ್ಸ್ ಓದುತ್ತಿದ್ದಾಳೆ, ಬೈಕ್ ರೇಸಿನ ಕಥೆ. ಚಿತ್ರದೊಳಗಿನ ಹುಡುಗ ಕಣ್ಣು ಹೊಡೆಯುತ್ತಾನೆ, ಕಾಗದದಿಂದ ಕೈ ಮೇಲೆ ಬರುತ್ತದೆ, ಅವಳನ್ನು ಒಳಗೆ ಎಳೆದುಕೊಳ್ಳುತ್ತಾನೆ. ಇತ್ತ ಹೊರಗೆ ಕೆಫೆಯ ಹೆಂಗಸು ಕಾಮಿಕ್ಸ್ ಮುದುಡಿ ಕಸದ ಬುಟ್ಟಿಗೆ ಹಾಕುತ್ತಾಳೆ! ಕೊನೆಗೆ ಹುಡುಗ ಚಿತ್ರದ ಚೌಕಟ್ಟಿಗೆ ಮೈ ಅಪ್ಪಳಿಸಿ ಅಪ್ಪಳಿಸಿ, ಅರ್ಧ ಗೆರೆ ಅರ್ಧ ಮನುಷ್ಯನಾಗಿ ಹೊರಗೆ ಬೀಳುತ್ತಾನೆ. ಈ ವಿಡಿಯೋಗೆ 1986ರ ಎಂಟಿವಿ ಪ್ರಶಸ್ತಿಗಳಲ್ಲಿ ಆರು ಬಂದವು. 2020ರ ಫೆಬ್ರವರಿಯಲ್ಲಿ ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ದಾಟಿತು.

ಒಮ್ಮೆ ನೀವೇ ಮಾಡಿ ನೋಡಿ. ಗೆಳತಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವುದನ್ನು ಎರಡೇ ಸೆಕೆಂಡ್ ಶೂಟ್ ಮಾಡಿಕೊಳ್ಳಿ, ಒಂದು ಫ್ರೇಮ್ ಬಿಟ್ಟು ಒಂದು ಬಿಡಿಸಿ. 24 ಹಾಳೆ ಸಾಕು. ಮಾಡಿದರೆ ಈ ಪುಟಕ್ಕೆ ಕಳಿಸಿ, ನಾಲ್ಕು ಚಿತ್ರ ಹಾಕಿಸುವ ಜವಾಬ್ದಾರಿ ನನ್ನದು.

ಪ್ರಶ್ನೆ: 'ಟೇಕ್ ಆನ್ ಮಿ' ಅನ್ನುವುದು ಇಂಗ್ಲಿಷ್ ವ್ಯಾಕರಣಕ್ಕೆ ಹೊಂದುವುದಿಲ್ಲ. 'ಟೇಕ್ ಮಿ ಆನ್' ಆಗಬೇಕಿತ್ತು. ಸರಿ ತಾನೆ?
(ನಿವೃತ್ತ ಇಂಗ್ಲಿಷ್ ಅಧ್ಯಾಪಕರು, ಮದ್ದೂರು)

ಉತ್ತರ: ಸರಿ ಮೇಷ್ಟ್ರೇ. ಹಾಡಿನಲ್ಲಿ ನೀವು ಹೇಳಿದ ಸರಿಯಾದ ರೂಪವೂ ಮರುಸಾಲಿನಲ್ಲೇ ಬರುತ್ತದೆ, ಕೇಳಿ ನೋಡಿ. ಬರೆದವರ ತಾಯಿನುಡಿ ನಾರ್ವೇಜಿಯನ್. ಅವರ ಭಾಷೆಯಲ್ಲಿ 'ನನ್ನನ್ನು ಮುಟ್ಟು' ಅನ್ನುವುದಕ್ಕೆ 'ತಾ ಪೋ ಮೈ' ಅಂತಾರೆ, ಪದಗಳ ಜೋಡಣೆ ಹೆಚ್ಚುಕಡಿಮೆ ಇದೇ ಥರ. ಅಪ್ಪಟ ಇಂಗ್ಲಿಷಿನವರು ಬರೆದಿದ್ದರೆ ಆ ಮೂರು ಪದ ಈ ಕ್ರಮದಲ್ಲಿ ಬರುತ್ತಿರಲಿಲ್ಲ. ನನಗಂತೂ ಅದು ತಪ್ಪು ಅನ್ನಿಸುವುದಿಲ್ಲ, ಅವರ ಊರಿನ ಮಣ್ಣು ಮೆತ್ತಿಕೊಂಡ ಹಾಗೆ ಕಾಣುತ್ತದೆ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣೇಶನ ಕಾರ್ಯಕ್ರಮಕ್ಕೆ ಮಧ್ಯೆ ಈ ಬಿಟ್ ಹಾಕೋಣ ಅಂತ ಆಸೆ. ಆ ಸೌಂಡ್ ಹೇಗೆ ತರೋದು?
(ಪಾಂಡವಪುರ)

ಉತ್ತರ: ಖಂಡಿತ ಹಾಕಿ. ಅವರು ಬಳಸಿದ್ದು ರೋಲ್ಯಾಂಡ್ ಜೂನೊ-60, ಯಮಾಹಾ ಡಿಎಕ್ಸ್7, ಪಿಪಿಜಿ ವೇವ್ ಅನ್ನೋ ಕೀಬೋರ್ಡ್‌ಗಳು. ತಾಳಕ್ಕೆ ಲಿನ್‌ಡ್ರಮ್ ಯಂತ್ರ. ಜೂನೊ ದಪ್ಪ, ಬೆಚ್ಚಗಿನ ದನಿ, ಡಿಎಕ್ಸ್7 ಗಾಜಿನ ಹಾಗೆ ಚುರುಕು. ನಿಮ್ಮ ಕೀಬೋರ್ಡ್ ಯಾವುದೇ ಇರಲಿ, ಒಂದು ಸಿಂತ್ ಬ್ರಾಸ್ ಟೋನ್ ಮೇಲೆ ಒಂದು ಬೆಲ್ ಥರದ ಟೋನ್ ಕೂರಿಸಿ, ಬೆಲ್ ಸ್ವಲ್ಪ ಕಡಿಮೆ ಇಡಿ. ಕೋರಸ್ ಎಫೆಕ್ಟ್ ಹಾಕಿ. ರಿವರ್ಬ್ ಜಾಸ್ತಿ ಬೇಡ, ಪೆಂಡಾಲಿನಲ್ಲಿ ಮೊದಲೇ ಸದ್ದು ಗುಂಯ್‌ಗುಡುತ್ತದೆ. ಮುಖ್ಯವಾದದ್ದು ಬೆರಳು. ಪ್ರತಿ ಸ್ವರವನ್ನೂ ಮುಟ್ಟಿ ತಕ್ಷಣ ಬಿಡಬೇಕು, ಒತ್ತಿ ಹಿಡಿದರೆ ಬಿಟ್ ಕುಣಿಯುವುದಿಲ್ಲ. ವೇಗ ನಿಮಿಷಕ್ಕೆ ಸುಮಾರು 169 ಬಡಿತ, ನಿಮ್ಮ ರಿದಮ್ ಪ್ಯಾಡ್‌ನವರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಸಂಗೀತದ ತವರು ಮೈಸೂರು. ವಾಸುದೇವಾಚಾರ್ಯರು, ಚೌಡಯ್ಯನವರು ಬದುಕಿದ ಊರಿನ ಪತ್ರಿಕೆಯಲ್ಲಿ ಯಾವುದೋ ನಾರ್ವೆ ದೇಶದ ಹಾಡಿಗೆ ಜಾಗ ಬೇಕಾ?
(ಲಕ್ಷ್ಮೀಪುರಂ, ಮೈಸೂರು)

ಉತ್ತರ: ನಿಮ್ಮ ಕಾಳಜಿಗೆ ನಮಸ್ಕಾರ ಸರ್. ನಾನೂ ಆ ಹೆಸರುಗಳಿಗೆ ಕೈ ಮುಗಿದೇ ಬೆಳೆದವಳು. ಆದರೆ ಒಂದು ವಿಷಯ ನೆನಪಿಸುತ್ತೇನೆ. ಜಯಚಾಮರಾಜ ಒಡೆಯರ್ ಅವರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಅದೇ ಒಡೆಯರ್ 1940ರ ದಶಕದ ಕೊನೆಯಲ್ಲಿ, ಲಂಡನ್‌ನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಪಿಯಾನೋ ವಿದ್ವಾಂಸ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ. ಅದು ಶಾಸ್ತ್ರೀಯ, ಇದು ಪಾಪ್, ಎರಡೂ ಒಂದೇ ತೂಕ ಅಂತ ನಾನು ಹೇಳುತ್ತಿಲ್ಲ. ಎಲ್ಲೋ ದೂರದವರು ಮಾಡಿದ ಒಳ್ಳೆಯ ನಾದಕ್ಕೆ ಕಿವಿ ಕೊಡುವುದು ಈ ಊರಿಗೆ ಹೊಸದಲ್ಲ ಅಂತಷ್ಟೇ ಹೇಳಿದೆ. ಮುಂದಿನ ತಿಂಗಳು ಚೌಡಯ್ಯನವರ ಏಳು ತಂತಿಯ ಪಿಟೀಲಿನ ಬಗ್ಗೆ ಬಂದ ಪ್ರಶ್ನೆಗಳಿವೆ, ದಯವಿಟ್ಟು ಓದಿ.

ಪ್ರಶ್ನೆ: ಕಾಲೇಜು ದಿನಗಳಲ್ಲಿ ಕ್ಯಾಸೆಟ್‌ನಲ್ಲಿ ಕೇಳಿದ್ದೆ. ನಿಮ್ಮ ಸಾಲು ಓದಿ ಎಲ್ಲ ನೆನಪಾಯ್ತು. ಆ ಹಾಡುಗಾರರು ಈಗಲೂ ಹಾಡುತ್ತಾರಾ?
(ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ)

ಉತ್ತರ: ನಾನೂ ಕ್ಯಾಸೆಟ್‌ನಲ್ಲೇ ಕೇಳಿದ್ದು. ಆಗ ಹಾಡಿನ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಡುತ್ತಿದ್ದರಲ್ಲ, ಹಾಗೆ ಒಂದು ಅಂಗಡಿಯಲ್ಲಿ ತುಂಬಿಸಿಕೊಂಡಿದ್ದೆ. ಎ ಸೈಡಿನ ಕೊನೆಯ ಹಾಡು ಇದು. ಎರಡನೇ ಪಲ್ಲವಿ ಬರುವಷ್ಟರಲ್ಲಿ ಟೇಪ್ ಮುಗಿದು ಟಕ್ ಅಂತ ನಿಂತುಬಿಡುತ್ತಿತ್ತು. ಕೊನೆ ಹೇಗಿರುತ್ತೆ ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯ್ತು.

ಮಾರ್ಟನ್ ಅವರ ವಿಷಯ ಬರೆಯಲು ಮನಸ್ಸು ಭಾರವಾಗುತ್ತದೆ. ತಮಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಅವರು 2025ರ ಜೂನ್‌ನಲ್ಲಿ ಎಲ್ಲರಿಗೂ ತಿಳಿಸಿದರು. ಮಿದುಳಿನ ಶಸ್ತ್ರಚಿಕಿತ್ಸೆಯೂ ಆಗಿದೆ. ಕಾಯಿಲೆ ದನಿಯನ್ನೂ ತಾಗಿದೆ. ಎರಡೂವರೆ ಸ್ಥಾಯಿಯನ್ನು ಒಂದೇ ಉಸಿರಿನ ಆಟದ ಹಾಗೆ ದಾಟುತ್ತಿದ್ದ ದನಿ ಅದು.

ಇವತ್ತು ರಾತ್ರಿ ಸ್ವಲ್ಪ ಬಿಡುವು ಮಾಡಿಕೊಂಡು, 2017ರಲ್ಲಿ ನಾರ್ವೆಯ ಗಿಸ್ಕೆ ಅನ್ನೋ ದ್ವೀಪದಲ್ಲಿ ಅವರು ಎಂಟಿವಿ ಅನ್‌ಪ್ಲಗ್ಡ್‌ಗೆ ಹಾಡಿದ್ದನ್ನು ಕೇಳಿ. ಡ್ರಮ್ ಯಂತ್ರದ ಓಟ ಇಲ್ಲ. ಅದೇ ಹಾಡನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹಾಡಿದ್ದಾರೆ. ಅಷ್ಟು ವರ್ಷ ಕುಣಿಸಿದ ಹಾಡಿನೊಳಗೆ ಅಷ್ಟು ದುಃಖ ಇತ್ತು ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಇಯರ್‌ಫೋನ್ ಬೇಡ, ಮನೆಯವರೂ ಕೇಳಲಿ, ಸ್ಪೀಕರ್‌ನಲ್ಲೇ ಹಾಕಿ.